ಸಾವಿರದ ಒಂದು ಪಣತಿ

ನಾನು ಚಿಕ್ಕವಳಿದ್ದಾಗ, ಹುಮನಾಬಾದ್ ಹತ್ತಿರದ ನಮ್ಮ ದುಬಲಗುಂಡಿಯಲ್ಲಿ ಶುಭಕಾರ್ಯಕ್ಕೆ ಏನೇ ಕೊಟ್ಟರೂ ಮೇಲೊಂದು ಸೇರಿಸಿಯೇ ಕೊಡುತ್ತಿದ್ದರು. ಕಾರ್ತಿಕದಲ್ಲಿ ಗುಡಿಯ ಅಂಗಳಕ್ಕೆ ನಮ್ಮ ಮನೆಯಿಂದ ನೂರಾ ಒಂದು ಪಣತಿ ಹೋಗುತ್ತಿದ್ದವು. ಸಾಲುಗಳೆಲ್ಲ ಸಮನಾಗಿರಬೇಕು ಎಂಬುದು ಗುಡಿಯ ಪದ್ಧತಿ. ಆದರೆ ನೂರಾ ಒಂದು ಬಲು ಮೊಂಡು ಸಂಖ್ಯೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗ ಹೋಗದು. ಇಂಥವನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ, ಮಕ್ಕಳೇ. ಹೀಗಾಗಿ ಹತ್ತು ಸಾಲು ತುಂಬಿದ ಮೇಲೆ ಒಂದು ಪಣತಿ ಹೊಸ್ತಿಲ ಬಳಿ ಒಂಟಿಯಾಗಿ ಕೂರುತ್ತಿತ್ತು.

ಅಜ್ಜಿಯ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಒಂದು ವರ್ಷ ಅಪ್ಪ ಹರಕೆ ತೀರಿಸಲು ಸಾವಿರದ ಒಂದು ಪಣತಿ ಹಚ್ಚಲು ಹೊರಟರು. "ಇದರಾಗೂ ಒಂದು ಉಳೀತದ," ಎಂದರು. ಹತ್ತನೇ ತರಗತಿಯಲ್ಲಿದ್ದ ಅಕ್ಕ ತಲೆಯಾಡಿಸಿದಳು. "ಉಳಿಯಂಗಿಲ್ಲಪ್ಪ. ಹನ್ನೊಂದು ಸಾಲು ಮಾಡಿದ್ರ ಒಂದೊಂದ್ರಾಗ ತೊಂಬತ್ತೊಂದು ಕೂಡ್ತಾವ."

ಅಕ್ಕನಿಗೆ ಮುಂದೆ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಕಾಲೇಜಿನಲ್ಲಿ ಗಣಿತ ಓದುವ ಹಟ. ಅಪ್ಪ ಇನ್ನೂ ಹೂಂ ಅಂದಿರಲಿಲ್ಲ. "ಒಂದೂ ಉಳೀಲಿಲ್ಲಂದ್ರ ಕಾಲೇಜಿಗಿ ಹೋಗು. ಉಳೀತಂದ್ರ ಆ ಮಾತು ಬಿಡಬೇಕು ನೋಡು," ಎಂದರು. ಅಕ್ಕ ಹಿಂದೆಮುಂದೆ ನೋಡದೆ ಒಪ್ಪಿದಳು. ಅವಳು ರಂಗೋಲಿ ಪುಡಿಯಲ್ಲಿ ೧೦೦೧ ಬರೆದು ತೋರಿಸಿದಳು. ಮೊದಲ ಅಂಕಿಯಿಂದ ಎರಡನೆಯದನ್ನು ಕಳೆಯಬೇಕು, ಮೂರನೆಯದನ್ನು ಕೂಡಬೇಕು, ನಾಲ್ಕನೆಯದನ್ನು ಕಳೆಯಬೇಕು. ಸೊನ್ನೆ ಬಂದರೆ ಹನ್ನೊಂದರಿಂದ ಭಾಗ ಹೋಗಲೇಬೇಕು. ಸೊನ್ನೆ ಬಂತು.

ಸಂಜೆ ಗುಡಿಯಲ್ಲಿ ಭಜನೆಯ ಕ್ಯಾಸೆಟ್ ಹಾಡುತ್ತಿತ್ತು. ಹೊಸ ಮಣ್ಣಿನ ವಾಸನೆ, ಕೈಗೆಲ್ಲ ಕುಸುಬಿ ಎಣ್ಣೆಯ ಜಿಡ್ಡು. ನಾವೆಲ್ಲ ಬಗ್ಗಿ ಬಗ್ಗಿ ಪಣತಿ ಇಟ್ಟೆವು. ಹನ್ನೊಂದನೆಯ ಸಾಲೂ ತುಂಬಿತು. ಬುಟ್ಟಿಗೆ ಕೈ ಹಾಕಿದ ಅಪ್ಪ ಇನ್ನೊಂದು ಪಣತಿ ಹೊರತೆಗೆದರು.

ನನಗೆ ಅಳು ಬರುವಂತಾಯಿತು. ಅಕ್ಕ ಮಾತ್ರ ಸಾಲುಗಳನ್ನೊಮ್ಮೆ ಎಣಿಸಿ ಬಂದು, "ನನ್ನ ಲೆಕ್ಕ ತಪ್ಪಿಲ್ಲ. ಪಣತಿನೇ ಒಂದು ಹೆಚ್ಚಿಗಿ ಬಂದದ," ಎಂದಳು.

ದೀಪ ನೋಡಲು ಬಂದಿದ್ದ, ನಮಗೆ ಪಣತಿ ಮಾರಿದ ಕುಂಬಾರ ಅವ್ವ ಮುಂದೆ ಬಂದಳು. "ಕೊಸರು ಅಂತ ಒಂದು ನಾನೇ ಹಾಕೀನ್ರಿ ಅಣ್ಣಾರ. ಇಷ್ಟು ತಗೊಂಡವರಿಗಿ ಬರೀ ಲೆಕ್ಕದಷ್ಟ ಹ್ಯಾಂಗ ಕೊಡೂದ್ರಿ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಪಣತಿಯನ್ನು ಅಕ್ಕನ ಕೈಗಿಟ್ಟು, "ಇದು ಹರಕೀದಲ್ಲ, ಮನಿಗಿ ಒಯ್ಯಿ. ಕಾಲೇಜಿನ ಪುಸ್ತಕ ಓದುವಾಗ ಕರೆಂಟ್ ಹೋದ್ರ ಬೇಕಾಗ್ತದ," ಎಂದರು. ನನ್ನ ಅಕ್ಕನ ಮೇಲೆ ನನಗೆ ಅಂದು ಉಕ್ಕಿದ ಹೆಮ್ಮೆ ಇನ್ನೂ ಇಳಿದಿಲ್ಲ.

ಈಗ ಅಕ್ಕನ ಮೊಮ್ಮಕ್ಕಳು ನನ್ನನ್ನೂ ಅಜ್ಜಿ ಎನ್ನುತ್ತಾರೆ. ಎಷ್ಟೇ ದೊಡ್ಡ ಸಂಖ್ಯೆ ಹೇಳಿದರೂ ಅವರ ಫೋನು ಅದರ ಜಾತಕವನ್ನೆಲ್ಲ ಚಿಟಿಕೆಯಲ್ಲಿ ಬಿಚ್ಚಿಡುತ್ತದೆ. ಅದೂ ಸಂತೋಷವೇ. ಆದರೆ ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇದೆ. ಆ ಮೊಮ್ಮಕ್ಕಳಲ್ಲಿ ಪುಟ್ಟ ಹುಡುಗಿಯನ್ನು ಎಲ್ಲರೂ "ಮುಂದ ಏನು ಓದ್ತಿ?" ಎಂದು ಕೇಳುತ್ತಾರೆ. ಓದಬೇಕೋ ಬೇಡವೋ ಎಂದು ಅವಳೆದುರು ಯಾರೂ ಪಂತ ಕಟ್ಟುವುದಿಲ್ಲ.