ಬಳೆ ಕಾರಿನ ಸರಿಯಾದ ಹೆಸರು

ಹಳೇಬೀಡಿನ ನನ್ನ ಗ್ಯಾರೇಜಿಗೆ ನಾಲ್ಕು ಬಳೆ ಗುರುತಿನ ವಿದೇಶಿ ಕಾರು ಬಂತು. ನಾನು ಕಂಪನಿಯ ಹೆಸರು ಹೇಳಿದ್ದೇ ತಡ, ಪ್ರವಾಸಿ ಮಾಲೀಕರು ಉಚ್ಚಾರಣೆ ತಿದ್ದಿದರು. ಅನುಮಾನ ಬಂದು, ಆ ಹೆಸರು ಹೇಗೆ ಹೇಳಬೇಕೆಂದು ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಅಲ್ಲಿ ಇಬ್ಬರು ಎರಡು ಥರ ಉಚ್ಚರಿಸಿ, ಇಬ್ಬರೂ ತಮ್ಮದೇ ಸರಿ ಎಂದರು. ತಲೆ ಕೆಟ್ಟುಹೋಯಿತು. ಕೊನೆಗೆ ಮಾಲೀಕರ ಎದುರಿಗೇ, ಅವರು ಕಲಿಸಿದಂತೆ ನಾಲಿಗೆ ಹೊರಳಿಸಿ, ಅರಸೀಕೆರೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬ್ರೇಕ್ ಪ್ಯಾಡ್ ಕೇಳಿದೆ.

"ಅಂಥ ಕಾರೇ ಇಲ್ಲ ಕಣಣ್ಣ. ಮುಂದ್ಗಡೆ ಗುರುತು ಏನೈತೆ?" ಎಂದ ಅಂಗಡಿಯವನು.

"ನಾಲ್ಕು ಬಳೆ."

"ಬಳೆ ಕಾರು ಅನ್ಬಾರ್ದಾ! ಪ್ಯಾಡ್ ಐತೆ, ಈಗ್ಲೇ ಬಸ್ಸಿಗೆ ಹಾಕ್ತೀನಿ."

ಮಾಲೀಕರು ದೇವಸ್ಥಾನ ನೋಡಲು ಹೋದರು. ಸಂಜೆ ಅವರದೇ ಫೋನು: "ನಮ್ಮ ಬಳೆ ಕಾರು ರೆಡಿ ಆಯ್ತೇನ್ರೀ?"

ತಿದ್ದಬೇಕೋ ಬೇಡವೋ ತಿಳಿಯದೆ "ಆಯ್ತು ಸಾರ್" ಎಂದೆ.