ತವರಿನ ಹಸುವಿಗೆ ವ್ಯಾಲ್ಯೂ ಕಟ್ಟಿದ್ದು

ಇದನ್ನು ಹೇಳುವುದನ್ನು ಬಹಳ ಕಾಲ ಮುಂದೂಡಿದೆ. ಅಣ್ಣ ಬದುಕಿರುವಾಗ ಬೇಡ ಎಂದುಕೊಂಡಿದ್ದೆ. ಅವನೂ ಹೋದ. ಈಗ ನನ್ನ ಹತ್ತಿರ ನೆಪಗಳು ಉಳಿದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿ ಓದಿದ್ದ ನಾನು ಕ್ಯಾತನಹಳ್ಳಿ ಹತ್ತಿರದ ನಮ್ಮೂರಿನಿಂದ ಪಾಂಡವಪುರಕ್ಕೆ ಸೈಕಲ್ ತುಳಿದು, ಕ್ರಯಪತ್ರ ಬರೆಯುವವರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. 'ವ್ಯಾಲ್ಯೂ' ಎಂಬ ಮಾತು ನಾಲಿಗೆಗೆ ಅಂಟಿದ್ದು ಅಲ್ಲೇ. ಹೈಸ್ಕೂಲಿನಲ್ಲಿ ಎಕ್ಸ್‌ನ ವ್ಯಾಲ್ಯೂ ಹೇಳು ಎಂದರೆ ಬೆವರುತ್ತಿದ್ದವನು, ಈಗ ಗದ್ದೆಗೂ ಬಾವಿಗೂ ವ್ಯಾಲ್ಯೂ ಹೇಳುವವನಾದೆ. ಊರಿನಲ್ಲಿ ಆ ಮಾತಿಗೆ ಬೇರೆಯದೇ ಬಳಕೆಯಿತ್ತು. ವ್ಯಾಲ್ಯೂ ಕೊಡುವುದೆಂದರೆ ಬಂದವರಿಗೆ ಚಾಪೆ ಹಾಸುವುದು, ಬಹುವಚನದಲ್ಲಿ ಮಾತಾಡಿಸುವುದು. ಅದನ್ನು ನಾನು ಗೇಲಿ ಮಾಡುತ್ತಿದ್ದೆ. ಮಾರಲು ಬಾರದ್ದಕ್ಕೆ ಎಂಥ ವ್ಯಾಲ್ಯೂ ಎನ್ನುತ್ತಿದ್ದೆ.

ಆ ವರ್ಷ ಅಣ್ಣನೂ ನಾನೂ ಪಾಲಾದೆವು. ನಾನು ಗದ್ದೆಗೆ ಇಳಿಯುವುದಿಲ್ಲ, ಬಿಳಿ ಅಂಗಿ ಹಾಕಿಕೊಂಡು ಉಣ್ಣಲು ಮಾತ್ರ ಬರುತ್ತೇನೆ ಎಂಬುದು ಅವನ ಸಿಟ್ಟು. ಅದು ನಿಜವಾಗಿತ್ತು, ಅದಕ್ಕೇ ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ.

ನಮ್ಮ ಕಡೆ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹೆಂಗಸರು ತವರಿನಿಂದ ತಂದ ಬಳುವಳಿಯನ್ನು ಪಾಲಿಗೆ ಇಡುವಂತಿಲ್ಲ. ಅಣ್ಣ ಎಲ್ಲವನ್ನೂ ಸಮವಾಗಿಯೇ ಹಂಚಿದ. ಹಸುವನ್ನು ಮಾತ್ರ ದೂರ ಕಟ್ಟಿಹಾಕಿದ್ದ. ಮದುವೆಯಲ್ಲಿ ಅತ್ತಿಗೆ ಸಿಂಧಘಟ್ಟದ ತವರಿನಿಂದ ಒಂದು ಕರು ಹೊಡೆದುಕೊಂಡು ಬಂದಿದ್ದರು. ಈ ಹಸು ಅದರ ಮಗಳು.

"ಹಸ ಯಾಕೆ ಪಾಲಿಗಿಲ್ಲ?" ಎಂದೆ, ಜಗುಲಿಯ ಮೇಲೆ ಕೂತಿದ್ದ ಹಿರಿಯರಿಗೆ ಕೇಳುವಂತೆ.

"ಅದು ಅವ್ಳ ಬಳುವಳಿ ಕಣ್ಲಾ," ಎಂದ ಅಣ್ಣ.

"ಬಳುವಳಿ ಬಂದಿದ್ದು ಕರ. ಅದು ಸತ್ತೋಯ್ತು. ಇದು ನಮ್ಮ ಕೊಟ್ಟಿಗೇಲಿ ಹುಟ್ಟಿದ್ದು, ನಮ್ಮ ಹುಲ್ಲು ತಿಂದಿದ್ದು. ವ್ಯಾಲ್ಯೂ ಕಟ್ಟಿ ಪಾಲಿಗೆ ಇಡಿ."

ಹಿರಿಯರಲ್ಲೊಬ್ಬರು ಎಲೆಯಡಿಕೆ ಉಗಿದು ಬಂದು ಹೇಳಿದರು: "ಲೇ, ನಿಮ್ಮವ್ವನೂ ಬ್ಯಾರೆ ಊರಿಂದ ಬಂದೋಳೇ. ಅಂಗಾರೆ ನಿನ್ಗೂ ಒಂದು ವ್ಯಾಲ್ಯೂ ಕಟ್ಟಿ ಪಾಲಿಗೆ ಇಡನೇನ್ಲಾ?"

"ಇಟ್ರೆ ಇವ್ನ ಯಾರು ತಗತಾರೆ ಬುಡಿ," ಎಂದರು ಪಕ್ಕದವರು.

ಎಲ್ಲರೂ ನಕ್ಕರು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವ್ವ ಸತ್ತ ಮೇಲೆ ನನಗೆ ನೀರು ಹುಯ್ದು, ತಲೆ ಬಾಚಿ, ಸ್ಕೂಲಿಗೆ ಕಳಿಸಿದವರು ಅವರೇ.

"ಆ ಉಲ್ಲು ಕುಯ್ದಿದ್ದು ಯಾರ್ಲಾ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವಂತೆ.

"ನೀವೇ. ಅದ್ಕೂ ವ್ಯಾಲ್ಯೂ ಕಟ್ಟಣ. ಇಷ್ಟು ವರ್ಸ ಈ ಮನೇಲಿ ಉಂಡ್ರಲ್ಲ, ಅದ್ರ ವ್ಯಾಲ್ಯೂನೂ ಕಟ್ಟಿ ಕಳೆದ್ಬುಡಣ."

ನಗು ನಿಂತಿತು. ಅಣ್ಣ ಎಕ್ಕಡಕ್ಕೆ ಕೈ ಹಾಕಿದ. ಇಬ್ಬರು ಹಿಡಿದುಕೊಂಡರು. "ಕಚೇರಿ ಕಂಡವ್ನೆ, ಕೋರ್ಟು ಮೆಟ್ಲು ಅತ್ತಿಸ್ತಾನೆ, ಕೊಟ್ಬುಡು ಅತ್ಲಾಗೆ," ಎಂದು ಹಿರಿಯರು ಅಣ್ಣನಿಗೇ ಬುದ್ಧಿ ಹೇಳಿದರು. "ತಗಂಡೋಗ್ಲಿ," ಎಂದಷ್ಟೇ ಹೇಳಿ ಅತ್ತಿಗೆ ಒಳಗೆ ಹೋದರು. ಹಸು ಇದ್ದ ಪಾಲನ್ನೇ ನಾನು ಆರಿಸಿದೆ.

ಮನೆಯ ನಡುವೆ ಗೋಡೆ ಎದ್ದಿತು. ಆಚೆಯಿಂದ ಅತ್ತಿಗೆಯ ದನಿ ಕೇಳಿದರೆ ಹಸು ಕತ್ತು ತಿರುಗಿಸಿ ಕೂಗುತ್ತಿತ್ತು. ನನ್ನ ಹೆಂಡತಿ ಕೂತರೆ ಹಾಲು ಇಳಿಸುತ್ತಿರಲಿಲ್ಲ. "ಇದ್ಕೂ ನಿಮ್ಮ ಕಂಡ್ರೆ ಆಗಕಿಲ್ಲ," ಎಂದಳು ಅವಳು. ನಾನು ಕೋಲು ತೆಗೆದುಕೊಂಡು ಹಸುವಿಗೆ ಹೊಡೆದೆ. ಗೋಡೆಯಾಚೆಗೆ ಕೇಳಿಸಲಿ ಎಂದೇ ಹೊಡೆದೆ.

ಆ ವಾರ ಅತ್ತಿಗೆ ನನ್ನ ಹೆಂಡತಿಯ ಕೈಲಿ ಹೇಳಿಕಳಿಸಿದರು: ಮಾರುವುದಾದರೆ ತಮಗೇ ಮಾರಲಿ, ತಾಳಿಯ ಗುಂಡು ಬಿಚ್ಚಿಕೊಡುತ್ತಾರಂತೆ. ನಾನು ಹಸುವನ್ನು ಕೆ.ಆರ್.ಪೇಟೆ ಸಂತೆಗೆ ಹೊಡೆದುಕೊಂಡು ಹೋದೆ. ದಲ್ಲಾಳಿ ಟವಲ್ಲಿನ ಮರೆಯಲ್ಲಿ ನನ್ನ ಬೆರಳು ಹಿಡಿದು ಬೆಲೆ ಹೇಳಿದ. ಚೌಕಾಸಿ ಕೂಡ ಮಾಡಲಿಲ್ಲ, ಕೊಟ್ಟುಬಿಟ್ಟೆ. ಕೊಂಡವರು ನಾಗಮಂಗಲದ ಕಡೆಯವರು ಎಂದಷ್ಟೇ ಗೊತ್ತು. ನನಗೆ ಬೇಕಾಗಿದ್ದದ್ದು ಹಣವಲ್ಲ, ಅತ್ತಿಗೆಗೆ ಸಿಗಬಾರದು ಎಂಬುದು.

ಅಲ್ಲಿಂದ ಕೆಲವು ವರ್ಷ ಪಿತೃಪಕ್ಷದಲ್ಲಿ ಒಂದೇ ಅಪ್ಪ ಅವ್ವನಿಗೆ ಗೋಡೆಯ ಎರಡೂ ಕಡೆ ಎಡೆ ಇಟ್ಟೆವು. "ಸತ್ತೋರು ಎರಡು ಬಾಗ್ಲು ಅಲೀಬೇಕೇನ್ರಲಾ?" ಎಂದು ಹಿರಿಯರು ಬೈದು ಒಂದುಗೂಡಿಸಿದರು. ನಾನು ಅಣ್ಣನ ಕಾಲು ಹಿಡಿದು ತಪ್ಪಾಯಿತು ಎಂದೆ. "ಏಳ್ಲಾ, ಮುದ್ದೆ ಆರೋಯ್ತದೆ," ಎಂದ. ಹಿರಿಯರಿಗೂ ಕೈಮುಗಿದೆ. ಜಗಳ ತೀರಿತು ಎಂದು ಗಂಡಸರೆಲ್ಲ ಉಣ್ಣಲು ಕೂತೆವು.

ಅತ್ತಿಗೆ ಬಡಿಸುತ್ತ ಬಂದರು. ನನ್ನ ಎಲೆಯ ಮುಂದೆ ನಿಂತು, "ಇನ್ನೊಸಿ ಬಾಡು ಆಕಿಸ್ಕಳಿ," ಎಂದರು. ಬಾರ್ಲಾ, ಉಣ್ಲಾ ಎಂದೇ ನನ್ನನ್ನು ಬೆಳೆಸಿದವರು. ಊರಿನ ಲೆಕ್ಕದಲ್ಲಿ ಅದು ನನಗೆ ವ್ಯಾಲ್ಯೂ ಕೊಟ್ಟ ಹಾಗೆ. ಆಗಲೇ ಎದ್ದು ಅವರಿಗೂ ತಪ್ಪಾಯಿತು ಎಂದು ಹೇಳಬಹುದಿತ್ತು. ಅಷ್ಟು ಜನರ ಮುಂದೆ ಹೆಂಗಸಿನ ಕಾಲು ಹಿಡಿಯುವುದೇ ಎನಿಸಿತು. ಅಷ್ಟೇ ಜನರ ಮುಂದೆ ಅವರು ಉಂಡ ಅನ್ನವನ್ನು ಎತ್ತಿ ಆಡಿದ್ದೆ. ಅದು ಆಗ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು.

ಗೋಡೆಯಾಚೆ ಈಗಲೂ ಅವರಿದ್ದಾರೆ. ಎದುರಾದರೆ "ಚೆಂದಾಗಿದ್ದೀರಾ?" ಎನ್ನುತ್ತಾರೆ. ಇದ್ದೀನಿ ಎಂದು ಮುಂದೆ ಹೋಗುತ್ತೇನೆ. ತಪ್ಪು ಮಾಡಿದ್ದು ಒಬ್ಬರಿಗೆ, ಕ್ಷಮೆ ಕೇಳಿದ್ದು ಉಳಿದವರನ್ನೆಲ್ಲ. ಕೇಳದೆ ಬಿಟ್ಟಿದ್ದು ನನ್ನ ಅತ್ತಿಗೆಯನ್ನು.