ರಿಬ್ಕಾಬಾಯಿಯ ಕಲ್ಲು

ಬ್ಯಾಡಗಿ ಸ್ಟೇಷನ್ ಎದುರಿನ ನನ್ನ ಝೆರಾಕ್ಸ್ ಅಂಗಡಿಗೆ ಫಕ್ಕೀರಸಾಬ ದಿನಾ ಬರುತ್ತಾನೆ. ಬೆಂಚಿನ ಮೇಲೆ ಕೂತು ಅಂಗೈ ಚಾಚಿ, "ಶಶಿಕಾಂತ, ಇನ್ನೂ ಸುಣ್ಣ ಐತೇನ ನೋಡಪಾ" ಅನ್ನುತ್ತಾನೆ. ಇರುವುದಿಲ್ಲ. ಇಲ್ಲವೆಂದರೆ ನಂಬುವುದೂ ಇಲ್ಲ, ಹಟಮಾರಿ ಮುದುಕ.

ಎಪ್ಪತ್ತು ದಾಟಿದ ಈತ ಅಪ್ಪನಂತೆಯೇ ಖಬರಸ್ತಾನ ಕಾಯುವವ. ಅದರ ಮೂಲೆಯ ಒಂದು ಗೋರಿ ಮಾತ್ರ ಬೇರೆಯವರದು. ಹಿಂದೆ ಇಲ್ಲಿ ಪೇಣಕರ ಎಂಬ ಯಹೂದಿ ಸ್ಟೇಷನ್ ಮಾಸ್ತರರಿದ್ದರು. ಅವರ ಹೆಂಡತಿ ರಿಬ್ಕಾಬಾಯಿ ತೀರಿಕೊಂಡಾಗ ಅವರ ಮಂದಿಯ ಸ್ಮಶಾನ ಹತ್ತಿರದಲ್ಲೆಲ್ಲೂ ಇರಲಿಲ್ಲ. ಫಕ್ಕೀರಸಾಬನ ಅಪ್ಪ ಜಾಗ ಕೊಟ್ಟ. ಮಾಸ್ತರರು ಮುಂಬಯಿಯಿಂದ ಅಕ್ಷರ ಕೆತ್ತಿಸಿದ ಕಲ್ಲು ತಂದು ನಿಲ್ಲಿಸಿದರು. ಇನ್ನೊಂದು ಮದುವೆಯಾದರು. ಕೆಲವು ವರ್ಷಕ್ಕೆ, ಯಹೂದಿಗಳನ್ನು ಇಸ್ರೇಲಿಗೆ ಕಳಿಸುವ ಸಂಘವೊಂದರ ನೆರವಿನಿಂದ ಸಂಸಾರ ಸಮೇತ ಹೊರಟುಬಿಟ್ಟರು. ಹೊರಡುವಾಗ ಒಂಬತ್ತು ವರ್ಷದ ಮಗಳು ಮಿಲ್ಕಾ ತನ್ನ ಜೊತೆ ಆಡುತ್ತಿದ್ದ ಫಕ್ಕೀರನಿಗೆ, "ನಮ್ಮವ್ವನ್ನ ನೋಡ್ಕೋ" ಅಂದಳಂತೆ.

ನೋಡಿಕೊಂಡ. ಪ್ರತಿ ವರ್ಷ, ಸತ್ತವರನ್ನು ನೆನೆಯುವ ಶಬೇ ಬರಾತಿಗೆ ಮುಂಚೆ ತನ್ನವರ ಗೋರಿಗಳಿಗೆ ಸುಣ್ಣ ಬಳಿಯುವಾಗ ಆ ಕಲ್ಲಿಗೆ ಒಂದು ಕೈ ಹೆಚ್ಚೇ ಬಳಿದ.

ಈ ವರ್ಷ ಅದೇ ಸಂಘದವರು ನನ್ನ ಅಂಗಡಿ ಬೋರ್ಡಿನ ನಂಬರು ಇಂಟರ್ನೆಟ್ಟಿನಲ್ಲಿ ಹುಡುಕಿ ನನಗೆ ಫೋನು ಮಾಡಿದರು. ವಲಸೆ ಹೋದವರಿಗೆ ಅವರ ಹಳೆಯ ಊರಿನ ಗುರುತು ಹುಡುಕಿಕೊಡುವುದೂ ಅವರ ಕೆಲಸವಂತೆ. ಮಿಲ್ಕಾಬಾಯಿ ಹಾಸಿಗೆ ಹಿಡಿದಿದ್ದಾರೆ, ತಮ್ಮವರ ಪದ್ಧತಿಯಂತೆ ಅವ್ವ ಸತ್ತ ದಿನ ಒಮ್ಮೆಯಾದರೂ ದೀಪ ಹಚ್ಚಬೇಕು ಅನ್ನುತ್ತಾರೆ. ಮಲತಾಯಿಯ ಎದುರು ಅಪ್ಪ ಆ ದಿನವನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಕಾಗದಪತ್ರ ಯಾವುದೂ ಸಿಕ್ಕಿಲ್ಲ. ತಾರೀಖು ಇರುವುದು ಕಲ್ಲಿನ ಮೇಲೆ ಮಾತ್ರ, ಫೋಟೋ ಕಳಿಸಿ ಎಂದರು.

ಸೋಮವಾರ ಫಕ್ಕೀರಸಾಬ ಉಳಿ ಹಿಡಿದು ಕೂತ. ಅರವತ್ತು ವರ್ಷದ ಸುಣ್ಣ ಅಕ್ಷರ ಮುಚ್ಚಿ ರೊಟ್ಟಿಯಷ್ಟು ದಪ್ಪ ಕೂತಿತ್ತು. ಅದು ಹಕ್ಕಳೆ ಹಕ್ಕಳೆಯಾಗಿ ಎದ್ದಿತು, ಜೊತೆಗೆ ಕಲ್ಲಿನ ಮುಖವೂ ಎದ್ದು ಬಂತು. ಅಕ್ಷರಗಳು ಅವನ ಅಂಗೈಯಲ್ಲೇ ಪುಡಿಯಾದವು. ನನಗೆ ಮುದುಕನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಸಾವಕಾಶ ಅನ್ನದೆ ಮೊಬೈಲು ಹಿಡಿದು ನಿಂತಿದ್ದೆ.

"ಯಾವುದರ ಒಂದ್ ತಾರೀಖ ಹೇಳಿಬಿಡೂಣು ಚಾಚಾ. ಮುದುಕಿಗೆ ಸಮಾಧಾನ ಆಗತೈತಿ."

"ಸಣ್ಣಗ ಮಾತಾಡೋ. ಅಕಿ ಅವ್ವ ಇಲ್ಲೇ ಕೇಳಾಕತ್ತಾಳ" ಅಂದ, ಬೋಳು ಕಲ್ಲನ್ನು ನೋಡುತ್ತ. ನಾನು ಮೊಬೈಲು ಜೇಬಿಗಿಟ್ಟೆ.

ಮರುದಿನ ಅಂಗಡಿಯಿಂದ ವಿಡಿಯೋ ಕಾಲ್ ಮಾಡಿಸಿದೆ. ಫಕ್ಕೀರಸಾಬ ಒಂದೂ ಬಿಡದೆ ಹೇಳಿದ. "ನನ್ನ ಕೈಯಾರೆ ಅಳಿಸಿದೆರಿ, ಬಾಯಾರ."

ಪರದೆಯ ಮೇಲೆ ಮಿಲ್ಕಾಬಾಯಿಯ ಬತ್ತಿದ ಮುಖ ಹತ್ತಿರ ಬಂತು. ಕೇಳಿದರು, ಒಂಬತ್ತು ವರ್ಷದ ಹುಡುಗಿಯ ಕನ್ನಡದಲ್ಲೇ: "ಯಾವಾಗ ಅಳಿಸಿದೀ, ಫಕ್ಕೀರಾ?"

"ನಿನ್ನೆರಿ."

"ಹಂಗಾರ ನಮ್ಮವ್ವ ನಿನ್ನೆ ಸತ್ಲು. ಇವತ್ತ ದೀಪ ಹಚ್ಚತೇನಿ."

ಕಾಲ್ ಕಟ್ಟಾಯಿತು. ಫಕ್ಕೀರಸಾಬ ಅಂಗೈಗೆ ಸುಣ್ಣ ಅಂಟಿದೆಯೆಂದು ಕೈ ತೊಳೆಯಲು ನೀರು ಕೇಳಿದ. ಅವತ್ತಿನಿಂದ ದಿನಾ ಕೇಳುತ್ತಾನೆ.